ಡ್ರೆಡ್‌ಔಟ್ ಗೇಮಲ್ಲಿ ಹಂದಿ ಹತ್ತಿರವೇ ಸಿಕ್ಕಿಕೊಂಡಿದ್ದೇನೆ, ಆಡಿದವರು ದಾರಿ ಹೇಳಿ

ಕೇಳಿದವಳು:

ಎಲ್ಲರಿಗೂ ನಮಸ್ಕಾರ. ಹೋದ ವಾರ ಡ್ರೆಡ್‌ಔಟ್ ಅನ್ನೋ ಇಂಡೋನೇಷ್ಯಾದ ಹಾರರ್ ಗೇಮ್ ತಗೊಂಡೆ. ಆಡದವರಿಗೆ ಎರಡು ಮಾತು: ಲಿಂಡಾ ಅನ್ನೋ ಹೈಸ್ಕೂಲ್ ಹುಡುಗಿ ಟೀಚರ್ ಮತ್ತು ಗೆಳೆಯರ ಜೊತೆ ಪ್ರವಾಸಕ್ಕೆ ಹೊರಟು, ದಾರಿ ತಪ್ಪಿ ಒಂದು ಪಾಳು ಊರಿಗೆ ಬಂದು ಸೇರುತ್ತಾಳೆ. ಕೈಯಲ್ಲಿ ಕತ್ತಿ, ಬಂದೂಕು ಏನೂ ಇಲ್ಲ. ಮೊಬೈಲ್ ಕ್ಯಾಮೆರಾ ಒಂದೇ. ಅದರಲ್ಲಿ ಫೋಟೋ ತೆಗೆದೇ ದೆವ್ವಗಳನ್ನು ಓಡಿಸಬೇಕು.

ಊರಿನ ಬೀದಿಯಲ್ಲಿ ಒಂದು ದೊಡ್ಡ ಹಂದಿ ಮೇಲೆ ಬೀಳುತ್ತದಲ್ಲ, ಅಲ್ಲೇ ನಿಂತುಬಿಟ್ಟಿದ್ದೇನೆ. ಸತ್ತಾಗೆಲ್ಲ ಕಗ್ಗತ್ತಲೆಯಲ್ಲಿ ದೂರದ ಬೆಳಕಿನ ಕಡೆ ಓಡಬೇಕು. ಮೊದಮೊದಲು ಬೇಗ ಸಿಗುತ್ತಿತ್ತು. ಈಗ ಎಷ್ಟು ಓಡಿದರೂ ಬೆಳಕು ಹತ್ತಿರ ಬರುತ್ತಲೇ ಇಲ್ಲ. ಗೇಮ್ ಕೆಟ್ಟಿದೆಯಾ? ಇನ್ನೊಂದು, ಆ ದೇಶದ ದೆವ್ವಗಳ ಕಥೆ ನನಗೆ ಒಂದೂ ಗೊತ್ತಿಲ್ಲ. ತಿಳ್ಕೊಂಡು ಆಡಬೇಕಾ, ಸುಮ್ನೆ ಆಡಬಹುದಾ? ಪಕ್ಕದಲ್ಲಿ ಹದಿನಾಲ್ಕು ವರ್ಷದ ತಂಗಿ ಕೂತು ನೋಡುತ್ತಾಳೆ. ಅದಕ್ಕೂ ಒಂದು ಮಾತು ಹೇಳಿ.

ಎರಡು ಸಲ ಪೂರ್ತಿ ಆಡಿದವನು:

ಗೇಮ್ ಕೆಟ್ಟಿಲ್ಲ. ಅದು ಇರೋದೇ ಹಾಗೆ. ಒಂದೊಂದು ಸಲ ಸತ್ತಾಗಲೂ ಬೆಳಕು ಇನ್ನಷ್ಟು ದೂರ ಹೋಗುತ್ತದೆ. ಬಿಡದೆ ಓಡಿದರೆ ಸಿಕ್ಕೇ ಸಿಗುತ್ತದೆ. ನಾನು ಮೊದಲ ಸಲ ಆಡಿದಾಗ ಕೊನೆಕೊನೆಗೆ ಒಂದೊಂದು ಓಟಕ್ಕೂ ತುಂಬಾ ಹೊತ್ತು ಹಿಡಿಯುತ್ತಿತ್ತು. ಆ ಕತ್ತಲೆಯಲ್ಲಿ ಒಬ್ಬಳೇ ಓಡುವ ಹುಡುಗಿಯ ಬೆನ್ನು ನೋಡುತ್ತಾ ಕೂತಾಗ ಸಾವು ಅಂದರೆ ಭಯ ಹುಟ್ಟುತ್ತದೆ. ಬೇರೆ ಗೇಮ್‌ಗಳಲ್ಲಿ ಸತ್ತರೆ ಏನೂ ಅನ್ನಿಸೋದಿಲ್ಲ, ಮತ್ತೆ ಶುರು ಮಾಡುತ್ತೇವೆ ಅಷ್ಟೆ.

ಹಂದಿ ವಿಷಯಕ್ಕೆ ಬರೋಣ. ನೀವು ಮೊಬೈಲ್ ಎತ್ತಿ ಹಿಡಿದೇ ಓಡಾಡುತ್ತಿದ್ದೀರಿ ಅನ್ನಿಸುತ್ತದೆ, ಹೊಸಬರು ಎಲ್ಲರೂ ಮಾಡೋದು ಅದೇ. ಮೊಬೈಲ್ ಎತ್ತಿದರೆ ಕಾಣೋದು ಕ್ಯಾಮೆರಾದಲ್ಲಿ ಕಂಡಷ್ಟೇ, ಅಕ್ಕಪಕ್ಕ ಏನೂ ತಿಳಿಯೋದಿಲ್ಲ. ಮೊಬೈಲ್ ಇಳಿಸಿ, ಜಾಗ ಬದಲಿಸಿ, ಬೆನ್ನ ಹಿಂದೆ ಗೋಡೆ ಇಲ್ಲದ ಕಡೆ ನಿಲ್ಲಿ. ಆಮೇಲೆ ಎತ್ತಿ. ದೂರದಿಂದ ಟಕಟಕ ಅಂತ ಫೋಟೋ ಹೊಡೆದರೆ ಪ್ರಯೋಜನವಿಲ್ಲ. ಹತ್ತಿರ ಬರುವವರೆಗೂ ಕೈ ತಡೆದು, ಮುಖ ಪೂರ್ತಿ ಕಂಡಾಗ ಒಂದು ತೆಗೆಯಿರಿ, ಕೂಡಲೇ ಪಕ್ಕಕ್ಕೆ ಸರಿಯಿರಿ. ಪರದೆಯ ಅಂಚು ಕೆಂಪಗಾದರೆ ದೆವ್ವ ಹತ್ತಿರವಿದೆ ಅಂತ ಅರ್ಥ. ಬರಿಗಣ್ಣಿಗೆ ಕಾಣದೆ ಕ್ಯಾಮೆರಾದಲ್ಲಿ ಮಾತ್ರ ಕಾಣುವವೂ ಇವೆ. ಅಂಚು ಕೆಂಪಗಿದ್ದು ಎದುರಿಗೆ ಯಾರೂ ಇಲ್ಲದಿದ್ದರೆ ನಿಧಾನಕ್ಕೆ ಸುತ್ತ ತಿರುಗಿ ನೋಡಿ.

ಜಕಾರ್ತದಲ್ಲಿ ಎರಡು ವರ್ಷ ಕೆಲಸ ಮಾಡಿ ಬಂದವನು:

ಕಥೆ ತಿಳ್ಕೊಂಡೇ ಆಡಿ. ಇದನ್ನು ಒತ್ತಿ ಹೇಳುತ್ತೇನೆ. ಈ ಗೇಮ್ ಮಾಡಿದ ಡಿಜಿಟಲ್ ಹ್ಯಾಪಿನೆಸ್ ತಂಡ ಜಾವಾ ದ್ವೀಪದ ಬಾಂಡುಂಗ್ ಊರಿನದು. 2013ರಲ್ಲಿ ಇಂಡಿಗೋಗೋ ಅನ್ನೋ ವೆಬ್‌ಸೈಟ್ ಮೂಲಕ ಜನರಿಂದಲೇ ದುಡ್ಡು ಕೂಡಿಸಿ, 2014ರ ಮೇ ತಿಂಗಳಲ್ಲಿ ಮೊದಲ ಭಾಗ ಬಿಟ್ಟರು. ದೆವ್ವಗಳನ್ನು ಮಾತ್ರ ಅವರು ಹೊಸದಾಗಿ ಕಟ್ಟಲಿಲ್ಲ. ಅಲ್ಲಿನ ಮಕ್ಕಳು ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದವನ್ನೇ ತಂದು ನಿಲ್ಲಿಸಿದ್ದಾರೆ.

ನೀವು ಸಿಕ್ಕಿಕೊಂಡಿರೋ ಹಂದಿಯ ಹೆಸರು ಬಾಬಿ ಙೆಪೆಟ್. ಅದು ಕಾಡುಹಂದಿ ಅಲ್ಲ, ಮನುಷ್ಯ. ದಿಢೀರ್ ಶ್ರೀಮಂತನಾಗಬೇಕು ಅಂತ ಮಾಟದ ದಾರಿ ಹಿಡಿದವನು ರಾತ್ರಿ ಕಪ್ಪು ಬಟ್ಟೆ ಹೊದ್ದು ಹಂದಿಯಾಗುತ್ತಾನಂತೆ. ಊರೆಲ್ಲ ತಿರುಗಿ, ಮನೆಗಳ ಗೋಡೆಗೆ ಮೈ ಉಜ್ಜಿದರೆ ಆ ಮನೆಯ ದುಡ್ಡು, ಒಡವೆ ಇವನ ಪಾಲಾಗುತ್ತದಂತೆ. ಆದರೆ ಅವನೊಬ್ಬನೇ ಈ ಕೆಲಸ ಮಾಡಲು ಆಗೋದಿಲ್ಲ. ಮನೆಯಲ್ಲಿ ಇನ್ನೊಬ್ಬರು, ಹೆಚ್ಚಾಗಿ ಹೆಂಡತಿ, ನೀರಿನ ಬೋಗುಣಿಯಲ್ಲಿ ಮೇಣದ ಬತ್ತಿ ಹಚ್ಚಿಟ್ಟು ಕಾಯುತ್ತಾ ಕೂರಬೇಕು. ಬತ್ತಿಯ ಉರಿ ಅಲ್ಲಾಡಿದರೆ ಅಲ್ಲಿ ಹೊರಗೆ ಅವನು ಸಿಕ್ಕಿಬೀಳುತ್ತಿದ್ದಾನೆ ಅಂತ. ಆಗ ಇವಳು ಬತ್ತಿ ಆರಿಸಿಬಿಟ್ಟರೆ ಅವನು ಮತ್ತೆ ಮನುಷ್ಯನಾಗುತ್ತಾನೆ. ಇದನ್ನು ನನಗೆ ಹೇಳಿದ್ದು ಆಫೀಸಿನ ಡ್ರೈವರ್. ಮಳೆಗೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೆವು. ಅವರು ಸ್ಟೇರಿಂಗ್ ಬಿಟ್ಟು, ಅಂಗೈ ಬೋಗುಣಿಯ ಹಾಗೆ ಮಾಡಿ, ಇನ್ನೊಂದು ಕೈಯ ಬೆರಳನ್ನು ಅದರೊಳಗೆ ಬತ್ತಿಯ ಹಾಗೆ ನಿಲ್ಲಿಸಿ ತೋರಿಸಿದರು. ಆ ಬೆರಳು ಸ್ವಲ್ಪ ನಡುಗಿಸಿದಾಗ ನನಗೆ ಮೈ ಜುಮ್ಮೆಂದಿತು.

ಮುಂದೆ ಪೊಚೊಂಗ್ ಸಿಗುತ್ತದೆ. ಬಿಳಿ ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿದ ಹೆಣ. ನಮ್ಮಲ್ಲೂ ಮುಸ್ಲಿಮರ ಮನೆಗಳಲ್ಲಿ ಕಫನ್ ಅನ್ನುತ್ತಾರಲ್ಲ, ಅದೇ ಬಟ್ಟೆ. ಗೋರಿಯಲ್ಲಿ ಇಳಿಸಿದ ಮೇಲೆ ಗಂಟು ಸಡಿಲಿಸಬೇಕು. ಯಾರಾದರೂ ಮರೆತರೆ ಸತ್ತವನು ಗಂಟು ಬಿಚ್ಚಿಸಿಕೊಳ್ಳಲು ಎದ್ದು ಬರುತ್ತಾನೆ ಅಂತ ಅಲ್ಲಿನ ನಂಬಿಕೆ. ಕಾಲು ಕಟ್ಟಿರೋದರಿಂದ ನಡೆಯೋಕಾಗೋದಿಲ್ಲ, ಕುಪ್ಪಳಿಸುತ್ತಾನೆ. ಇದು ಗೊತ್ತಾದ ಮೇಲೆ ಪೊಚೊಂಗ್ ನೋಡಿದರೆ ಹೆದರಿಕೆಯ ಜೊತೆ ಅಯ್ಯೋ ಅನ್ನಿಸುತ್ತದೆ. ಪಾಪ, ಅವನು ಬಂದಿರೋದು ಬಿಡಿಸಿ ಅಂತ ಕೇಳೋಕೆ.

ಕುಂಟಿಲಾನಕ್ ಅಂತ ಇನ್ನೊಂದಿದೆ. ಬಸುರಿಯಾಗಿದ್ದಾಗ ಅಥವಾ ಹೆರಿಗೆಯಲ್ಲಿ ಸತ್ತ ಹೆಂಗಸು. ಅವಳು ಬರೋ ಮುಂಚೆ ಕಂಬೋಜ ಹೂವಿನ ವಾಸನೆ ಬರುತ್ತದಂತೆ. ಕಂಬೋಜ ಅಂದರೆ ನಮ್ಮ ದೇವಕಣಗಿಲೆ. ಜಾವಾದಲ್ಲಿ ಅದನ್ನು ಸ್ಮಶಾನದಲ್ಲಿ ಜಾಸ್ತಿ ಬೆಳೆಸುತ್ತಾರೆ. ಅವಳ ಸದ್ದು ಜೋರಾಗಿ ಕೇಳಿದರೆ ಅವಳು ದೂರ ಇದ್ದಾಳೆ, ಮೆಲ್ಲಗೆ ಕೇಳಿದರೆ ಪಕ್ಕದಲ್ಲೇ ಇದ್ದಾಳೆ ಅನ್ನುತ್ತಾರೆ. ಊರಿಗೆ ಬಂದ ಮೇಲೂ ದೇವಕಣಗಿಲೆ ಮರದ ಕೆಳಗೆ ಹೋದಾಗ ನನಗೆ ಅದು ನೆನಪಾಗುತ್ತದೆ.

ಶಿವಮೊಗ್ಗದಿಂದ, ಇಬ್ಬರು ಮಕ್ಕಳ ತಾಯಿ:

ತಂಗಿ ವಿಷಯ ನಾನು ಹೇಳುತ್ತೇನೆ. ನನ್ನ ಮಗ ಅದೇ ವಯಸ್ಸಿನಲ್ಲಿ ಅವನ ಸೋದರಮಾವನ ಜೊತೆ ಕೂತು ಇದನ್ನು ನೋಡಿದ. ಆಡುವಾಗ ಚೆನ್ನಾಗೇ ಇದ್ದ. ರಾತ್ರಿ ನೀರು ಕುಡಿಯಲು ಅಡುಗೆಮನೆಗೆ ಒಬ್ಬನೇ ಹೋಗಲಿಲ್ಲ, ಮೂರು ದಿನ ನನ್ನನ್ನು ಎಬ್ಬಿಸಿದ. ಆಮೇಲೆ ಸರಿಹೋದ. ಹಗಲು ಹೊತ್ತಲ್ಲಿ, ಕಿಟಕಿ ತೆರೆದು, ಸ್ಪೀಕರಿನಲ್ಲಿ ಸದ್ದು ಸಣ್ಣದಿಟ್ಟು ಆಡಿ. ಹೆಡ್‌ಫೋನ್ ಅವಳ ಕಿವಿಗೆ ಕೊಡಬೇಡಿ. ಅವಳು ಎದ್ದು ಹೋದರೆ ಹೆದರುಪುಕ್ಕಲಿ ಅಂತ ರೇಗಿಸಬೇಡಿ, ಅದೇ ಮುಖ್ಯ. ಜಕಾರ್ತದವರು ಹೇಳಿದ ಕಥೆಗಳನ್ನು ಮೊದಲೇ ಅವಳಿಗೆ ಹೇಳಿಬಿಡಿ. ನನ್ನ ಮಗನಿಗೆ ಆ ಪೊಚೊಂಗ್ ಗಂಟಿನ ಕಥೆ ಗೊತ್ತಿದ್ದಿದ್ದರೆ ಅಷ್ಟು ಹೆದರುತ್ತಿರಲಿಲ್ಲ ಅಂತ ಈಗ ಅನ್ನಿಸುತ್ತಿದೆ.

ಗೇಮ್ ಕಲಿಯುತ್ತಿರೋ ಹುಡುಗ:

ಎಲ್ಲ ಕಥೆ ಮೊದಲೇ ಓದಬೇಡಿ ಅಂತ ನನ್ನ ಮಾತು. ಗೇಮ್ ಒಳಗೇ ಘೋಸ್ಟ್‌ಪೀಡಿಯಾ ಅಂತ ಒಂದು ಪುಸ್ತಕ ಇದೆ. ಫೋಟೋ ತೆಗೆದ ದೆವ್ವದ ವಿವರ ಅದರಲ್ಲಿ ಸೇರುತ್ತಾ ಹೋಗುತ್ತದೆ. ಒಂದು ದೆವ್ವ ಕಂಡ ಮೇಲೆ ಆಟ ನಿಲ್ಲಿಸಿ ಅದನ್ನು ಓದಿ, ಆಮೇಲೆ ಮುಂದಕ್ಕೆ ಹೋಗಿ. ಯೂಟ್ಯೂಬ್ ನೋಡಿ ಆಡಿದರೆ ಇದ್ಯಾವುದೂ ಸಿಗೋದಿಲ್ಲ. ನಾನು ಶಾಲೆಯ ಭಾಗವನ್ನು ಹಾಗೆ ನೋಡಿಕೊಂಡು ಮುಗಿಸಿದೆ, ಈಗಲೂ ಬೇಜಾರಿದೆ. ಒಂದು ಕೊರತೆಯನ್ನೂ ಹೇಳಬೇಕು: ಕೆಲವು ಒಗಟುಗಳಿಗೆ ಸುಳಿವು ತೀರಾ ಕಡಿಮೆ. ಅರ್ಧ ಗಂಟೆ ಹುಡುಕಿಯೂ ಸಿಗದಿದ್ದರೆ ಇಲ್ಲಿ ಬಂದು ಕೇಳಿ, ಅಷ್ಟೇ ಹೇಳುತ್ತೇವೆ. 2020ರಲ್ಲಿ ಎರಡನೇ ಗೇಮ್ ಬಂತು. ಅದರಲ್ಲಿ ಕೊಡಲಿ ಹಿಡಿದು ಹೊಡೆದಾಡಬಹುದು. ನನಗೆ ಬರೀ ಕ್ಯಾಮೆರಾ ಇದ್ದ ಮೊದಲನೆಯದೇ ಇಷ್ಟ.

ಮಂಗಳೂರಿನಿಂದ:

ಇದು ಮುಗಿದ ಮೇಲೆ ಪಮಾಲಿ ಆಡಿ. ಅದನ್ನು ಮಾಡಿದ್ದೂ ಬಾಂಡುಂಗ್‌ನವರೇ, ಸ್ಟೋರಿಟೇಲ್ ಸ್ಟುಡಿಯೋಸ್, 2018ರಲ್ಲಿ ಬಂತು. ಪಮಾಲಿ ಅಂದರೆ ಮಾಡಬಾರದ್ದು. ಅಪ್ಪ ಅಮ್ಮ ಇದ್ದ ಹಳೇ ಮನೆಯನ್ನು ಮಾರುವ ಮುಂಚೆ ಚೊಕ್ಕ ಮಾಡಲು ಮಗ ಬರುತ್ತಾನೆ. ಹೊಡೆದಾಟ ಇಲ್ಲವೇ ಇಲ್ಲ. ಮನೆಯಲ್ಲಿ ನೀವು ಏನು ಮುಟ್ಟುತ್ತೀರಿ, ಏನು ಅನ್ನುತ್ತೀರಿ ಅನ್ನೋದರ ಮೇಲೆ ದೆವ್ವ ನಿಮ್ಮ ಜೊತೆ ನಡೆದುಕೊಳ್ಳುತ್ತದೆ. ರಾತ್ರಿ ಹೊತ್ತು ಉಗುರು ಕತ್ತರಿಸಬೇಡ ಅಂತ ನಮ್ಮಜ್ಜಿ ಬೈಯುತ್ತಿದ್ದರು. ಅಲ್ಲಿನ ಅಜ್ಜಿಯರೂ ಅದನ್ನೇ ಹೇಳುತ್ತಾರೆ ಅಂತ ಗೊತ್ತಾಗಿದ್ದು ಈ ಗೇಮಿನಿಂದ. ಆಡುವಾಗ ಉಗುರು ಕತ್ತರಿ ಎದುರಿಗೆ ಬಂದಿತ್ತು. ಕೈ ಮುಂದಕ್ಕೆ ಹೋಗಲೇ ಇಲ್ಲ ನನಗೆ.

ಕೇಳಿದವಳು, ನಾಲ್ಕು ದಿನದ ಮೇಲೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಮಧ್ಯಾಹ್ನ ಊಟ ಆದ ಮೇಲೆ ಹಂದಿಯನ್ನು ದಾಟಿದೆ. ಮೊಬೈಲ್ ಇಳಿಸಿ ಬೀದಿಯ ನಡುವೆ ನಿಂತೆ. ಬರಲಿ ಅಂತ ಕಾದೆ. ಅಷ್ಟು ಹತ್ತಿರ ಬರುವವರೆಗೂ ಫೋಟೋ ತೆಗೆಯದೆ ಇರೋದು ಎಷ್ಟು ಕಷ್ಟ ಅಂತ ಈಗ ಗೊತ್ತಾಯಿತು. ಅಂಗೈ ಒದ್ದೆಯಾಗಿತ್ತು. ಒಂದು ಸಲ ಮಾತ್ರ ಸತ್ತೆ, ಆ ಉದ್ದದ ಓಟ ಮತ್ತೆ ಓಡಿದೆ, ಬೆಳಕು ಸಿಕ್ಕಿತು.

ತಂಗಿಗೆ ಮೇಣದ ಬತ್ತಿಯ ಕಥೆ ಮೊದಲೇ ಹೇಳಿದ್ದೆ. ಅವಳು ಹೆದರಲಿಲ್ಲ, ಪೂರ್ತಿ ನೋಡಿದಳು. ಹಂದಿ ಬಿದ್ದ ಮೇಲೆ ನಾನು ಖುಷಿಯಿಂದ ಚಪ್ಪಾಳೆ ತಟ್ಟಿದರೆ ಅವಳು ಪರದೆಯಲ್ಲಿ ಕಾಣುತ್ತಿದ್ದ ಕತ್ತಲೆ ಮನೆಗಳನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು, "ಅಕ್ಕಾ, ಊರಲ್ಲಿ ಯಾರೂ ಇಲ್ಲ ಅಂದ್ಯಲ್ಲ, ಹಾಗಾದ್ರೆ ಬತ್ತಿ ಕಾಯ್ತಾ ಕೂತಿರೋರು ಯಾವ ಮನೇಲಿದ್ದಾರೆ?"