ಸ್ಟೈಲ್ ಪುಟದೊಳಗೇ ಇರಲಾ, ಬೇರೆ ಫೈಲ್ ಮಾಡಲಾ? ಅನುಭವ ಇದ್ದವರು ಹೇಳಿ

ಕೇಳಿದವರು: ಸೀರೆ ಅಂಗಡಿಗೆ ಐದು ಪುಟದ ಸೈಟ್ ಮಾಡುತ್ತಿದ್ದೇನೆ. ಬಣ್ಣ, ಅಳತೆ ಹೇಳುವ ಸಿಎಸ್‌ಎಸ್ ಕೋಡ್ ಎಲ್ಲಾ ಪುಟದೊಳಗೇ ಇದೆ: ಪ್ರತಿ ಪುಟದ ಹೆಡ್‌ನಲ್ಲೂ (ಕೋಡಿನ ತಲೆಭಾಗ) ಸ್ಟೈಲ್ ಟ್ಯಾಗ್, ಬಟನ್‌ಗಳಿಗೆ ಆಯಾ ಸಾಲಿನಲ್ಲೇ ನೇರ ಸ್ಟೈಲ್ ಆಟ್ರಿಬ್ಯೂಟ್. ಹೀಗೇ ಬಿಡಬಹುದಾ?

ಇಮೇಲ್ ಕೆಲಸದವನು: ಧಾರಾಳವಾಗಿ ಬಿಡಿ ಸರ್. ನಾನು ನ್ಯೂಸ್‌ಲೆಟರ್ ಮಾಡುವವನು, ಹೊಟ್ಟೆ ತುಂಬಿಸಿದ್ದೇ ಇನ್‌ಲೈನ್, ಅಂದರೆ ಸಾಲಿನಲ್ಲೇ ಬರೆದ ಸ್ಟೈಲ್. ಜಿಮೇಲ್ 2016ರಿಂದ ಸ್ಟೈಲ್ ಟ್ಯಾಗ್ ಓದುತ್ತದೆ, ಆದರೂ ನಂಬಿಕೆ ಇಲ್ಲ. ಹಾಗಂತ ಎಲ್ಲಾ ಸಾಲಿಗೂ ಸ್ಟೈಲ್ ತುಂಬಿದರೆ ಮೇಲ್ ಊದಿಕೊಳ್ಳುತ್ತದೆ. 102 ಕೆಬಿ ದಾಟಿತೋ, ಜಿಮೇಲ್ ಕತ್ತರಿ ಹಾಕುತ್ತದೆ. ಕೆಳಗಿದ್ದ ಅನ್‌ಸಬ್‌ಸ್ಕ್ರೈಬ್ ಲಿಂಕ್ ಮಾಯ! ಇನ್ನು ವಿಂಡೋಸ್‌ನ ಹಳೇ ಔಟ್‌ಲುಕ್ ಒಳಗಿರುವುದು ವರ್ಡ್‌ನ ಎಂಜಿನ್. ಬಾರ್ಡರ್ ರೇಡಿಯಸ್ ಅದಕ್ಕೆ ಗೊತ್ತೇ ಇಲ್ಲ. ಬಟನ್ ಮೂಲೆ ಗುಂಡಗಿಲ್ಲ ಅಂತ ಒಬ್ಬ ಕ್ಲೈಂಟ್ ದೀಪಾವಳಿ ಬಿಲ್‌ನಲ್ಲಿ 4,000 ಹಿಡಿದುಬಿಟ್ಟ. ಇವತ್ತಿಗೂ ಕೊಟ್ಟಿಲ್ಲ.

ಆಡಿಟ್ ಕಂಡವಳು: ಇಮೇಲ್ ಬೇರೆ, ಸೈಟ್ ಬೇರೆ ಸರ್. ಸುಮ್ನೆ ದಾರಿ ತಪ್ಪಿಸಬೇಡಿ. ನಮ್ಮದು ಹಣಕಾಸಿನ ಪ್ರಾಜೆಕ್ಟ್. ಸಿಎಸ್‌ಪಿಯಿಂದ (ಪುಟದಲ್ಲಿ ಯಾವ ಕೋಡ್ ನಡೆಯಬಹುದು ಅಂತ ಬ್ರೌಸರ್‌ಗೆ ಹೇಳುವ ಸುರಕ್ಷತಾ ನಿಯಮ) ಇನ್‌ಲೈನ್‌ಗೆ ಅನುಮತಿ ಕೊಡುವ ಅನ್‌ಸೇಫ್-ಇನ್‌ಲೈನ್ ತೆಗೆಯಿರಿ ಅಂತ ಆಡಿಟ್‌ನವರು ಪಟ್ಟು ಹಿಡಿದರು. ತೆಗೆದದ್ದೇ ತಡ, ಪುಟ ಬೋಳು. ಹಳೇ ಟೀಮ್‌ನವರು ಎರರ್ ಬಾಕ್ಸ್‌ಗಳನ್ನು ಸ್ಟೈಲ್ ಆಟ್ರಿಬ್ಯೂಟ್‌ನಲ್ಲಿ ‘display: none’ (ತೋರಿಸಬೇಡ) ಅಂತ ಬರೆದು ಬಚ್ಚಿಟ್ಟಿದ್ದರು. ಅವೆಲ್ಲ ಲಾಗಿನ್ ಪುಟದಲ್ಲಿ ಸಾಲಾಗಿ ಎದ್ದು ನಿಂತವು: ‘ಪಾಸ್‌ವರ್ಡ್ ತಪ್ಪು’, ‘ಖಾತೆ ಲಾಕ್ ಆಗಿದೆ’. ಫೋನ್ ಮೇಲೆ ಫೋನ್! ಸ್ಟೈಲ್ ಟ್ಯಾಗ್‌ಗಳಿಗೆ ನಾನ್ಸ್ (ಪ್ರತಿ ಸಲ ಬದಲಾಗುವ ಗುರುತಿನ ಕೋಡ್) ಕೊಟ್ಟು ಉಳಿಸಿಕೊಂಡೆವು. ಆಟ್ರಿಬ್ಯೂಟ್‌ಗೆ ನಾನ್ಸ್ ನಡೆಯುವುದಿಲ್ಲ, ಒಂದೊಂದನ್ನೂ ಕೈಯಲ್ಲೇ ಕಿತ್ತು ಸಿಎಸ್‌ಎಸ್ ಕ್ಲಾಸ್ (ಹೆಸರಿಟ್ಟ ಸ್ಟೈಲ್) ಮಾಡಿದ್ದು. ದಸರಾ ರಜೆ ಪೂರ್ತಿ ಅದಕ್ಕೇ ಹೋಯಿತು.

ಸ್ಪೀಡ್ ಹುಚ್ಚ: ಆಡಿಟ್ ಭೂತ ತೋರಿಸಿ ಹೆದರಿಸುವುದು ಬೇಡ ಮೇಡಂ. ಶುರುವಿನ ಸುತ್ತಿನಲ್ಲಿ ಸರ್ವರ್ ಸುಮಾರು 14 ಕೆಬಿ ಕಳಿಸುತ್ತದೆ. ಪುಟದ ಮೇಲ್ಭಾಗಕ್ಕೆ ಬೇಕಾದ ಸಿಎಸ್‌ಎಸ್ ಅಷ್ಟರೊಳಗೆ ಹೆಡ್‌ನಲ್ಲೇ ಬಂದರೆ ಇನ್ನೊಂದು ಫೈಲ್‌ಗೆ ಕಾಯಬೇಕಿಲ್ಲ. ನಮ್ಮೂರಿನ ನೆಟ್‌ವರ್ಕ್‌ನಲ್ಲಿ ತೆರೆದು ನೋಡಿ, ಆಮೇಲೆ ಮಾತಾಡಿ.

ಆಡಿಟ್ ಕಂಡವಳು: ಎರಡನೇ ಪುಟಕ್ಕೆ ಹೋದರೆ ಅದೇ ಸಿಎಸ್‌ಎಸ್ ಮತ್ತೆ ಇಳಿಯುತ್ತದೆ ಅಲ್ವಾ? ಫೈಲ್ ಆಗಿದ್ದರೆ ಬ್ರೌಸರ್‌ನ ಕ್ಯಾಶ್‌ನಲ್ಲಿ (ಉಳಿಸಿಟ್ಟ ಪ್ರತಿ) ಇರುತ್ತಿತ್ತು.

ಸ್ಪೀಡ್ ಹುಚ್ಚ: ಮೊದಲ ಪುಟವೇ ತೆರೆಯದಿದ್ದರೆ ಎರಡನೆಯದಕ್ಕೆ ಯಾರು ಹೋಗುತ್ತಾರೆ?

ಕೇಳಿದವರು: ಒಂದು ನಿಮಿಷ… ಮೊಬೈಲ್‌ನಲ್ಲಿ ಬಟನ್ ಚಿಕ್ಕದಾಗಲಿ ಅಂತ ಮೀಡಿಯಾ ಕ್ವೆರಿ (ಪರದೆ ಅಳತೆ ನೋಡಿ ಸ್ಟೈಲ್ ಬದಲಿಸುವ ನಿಯಮ) ಬರೆದೆ. ಬಟನ್ ಜಗ್ಗುತ್ತಿಲ್ಲ.

ಇಮೇಲ್ ಕೆಲಸದವನು: ಆಟ್ರಿಬ್ಯೂಟ್‌ನದ್ದೇ ಮೇಲುಗೈ. ಕ್ವೆರಿಯ ಸಾಲಿಗೆ ಇಂಪಾರ್ಟೆಂಟ್ (!important) ಹಾಕಿ, ಬಗ್ಗುತ್ತದೆ.

ಆಡಿಟ್ ಕಂಡವಳು: ಅಯ್ಯೋ, ಇವತ್ತು ಒಂದು ಇಂಪಾರ್ಟೆಂಟ್, ನಾಳೆ ಅದನ್ನು ಸೋಲಿಸಲು ಇನ್ನೊಂದು. ಇಂಥವರು ಬಿಟ್ಟುಹೋದ ಕೋಡನ್ನೇ ನಾನು ತೊಳೆಯುತ್ತಿರುವುದು.

ಟೈಲ್‌ವಿಂಡ್ ಅಣ್ಣ: ಟೈಲ್‌ವಿಂಡ್ (ಸಿದ್ಧ ಕ್ಲಾಸ್‌ಗಳ ಸಿಎಸ್‌ಎಸ್ ಸಲಕರಣೆ) ಹಾಕಿದ್ದರೆ ಈ ಗೋಳೇ ಇರುತ್ತಿರಲಿಲ್ಲ. ನಾನಂತೂ ಸಿಎಸ್‌ಎಸ್ ಫೈಲ್ ಮುಟ್ಟುವುದನ್ನೇ ಬಿಟ್ಟೆ.

ಸ್ಪೀಡ್ ಹುಚ್ಚ: ಬಂದರಪ್ಪ! ಅದೂ ಇನ್‌ಲೈನೇ, ವೇಷ ಬೇರೆ.

ಟೈಲ್‌ವಿಂಡ್ ಅಣ್ಣ: ಹೌದಾ ಗುರು? ಸ್ಟೈಲ್ ಆಟ್ರಿಬ್ಯೂಟ್ ಒಳಗೆ ಒಂದು ಹೋವರ್ (ಮೌಸ್ ಮೇಲೆ ಬಂದಾಗಿನ ಸ್ಟೈಲ್) ಬರೆದು ತೋರಿಸು ನೋಡೋಣ.