ಹೊಸೂರಿನಲ್ಲಿ ಕೆಲಸ, ಜೊತೆಗೆ ಪದವಿ: ಯಾವುದಕ್ಕೆ ಸೇರಲಿ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಹೊಸೂರು ಹತ್ತಿರದ ತಳಿ ಊರಿನ ಕಡೆಯವನು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಆಮೇಲೆ ಮೆಕ್ಯಾನಿಕಲ್ ಡಿಪ್ಲೊಮಾ. ಈಗ ಹೊಸೂರು ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ ಲೈನ್ ಸೂಪರ್‌ವೈಸರ್. ಪದವಿ ಇಲ್ಲ ಅಂತ ಅಸಿಸ್ಟೆಂಟ್ ಮ್ಯಾನೇಜರ್ ಗ್ರೇಡ್ ಸಿಗುತ್ತಿಲ್ಲ. ಕೆಲಸ ಬಿಡದೆ ಇಂಡಸ್ಟ್ರಿಯಲ್ ಮ್ಯಾನೇಜ್‌ಮೆಂಟ್‌ನಲ್ಲಿ ಪದವಿ ಮಾಡಬೇಕು ಅಂತ ಆಸೆ. ಮೂರೂ ಶಿಫ್ಟ್ ಬರುತ್ತವೆ. ಒಬ್ಬ ಏಜೆಂಟ್ ‘ಒಂದೇ ವರ್ಷದಲ್ಲಿ ಡಿಗ್ರಿ ಸರ್ಟಿಫಿಕೇಟ್ ಕೈಗೆ ಕೊಡುತ್ತೇನೆ’ ಎನ್ನುತ್ತಾನೆ. ನೀವು ಕಾರ್ಖಾನೆಗಳಲ್ಲಿ ತರಬೇತಿ ವಿಭಾಗ ನೋಡಿಕೊಂಡವರು. ದಾರಿ ಹೇಳಿ.

ಉತ್ತರ: ಮೊದಲು ಏಜೆಂಟಿನ ವಿಷಯ. ಅವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮೂರು ವರ್ಷದ ಪದವಿಯನ್ನು ಒಂದು ವರ್ಷದಲ್ಲಿ ಕೊಡುತ್ತೇನೆ ಅಂದರೆ ಹಳೇ ತಾರೀಕು ಹಾಕಿದ ಕಾಗದ ಎಂದೇ ಅರ್ಥ. ಕಂಪನಿಗಳು ಈಗ ಸರ್ಟಿಫಿಕೇಟನ್ನು ಪರಿಶೀಲನೆಗೆ ಕಳಿಸುತ್ತವೆ. ಸಿಕ್ಕಿಬಿದ್ದರೆ ಪ್ರಮೋಷನ್ ಇರಲಿ, ಇರುವ ಕೆಲಸವೂ ಹೋಗುತ್ತದೆ.

ಎಲ್ಲೂ ಫೀಸು ಕಟ್ಟುವ ಮೊದಲು ನಿಮ್ಮ ಎಚ್‌ಆರ್‌ಗೆ ಒಂದು ಮೇಲ್ ಹಾಕಿ. ಬಾಯಿಮಾತು ಬೇಡ. ಆ ಗ್ರೇಡಿಗೆ ಬಿಇ ಆಗಲೇಬೇಕಾ, ಯಾವ ಪದವಿಯಾದರೂ ಸಾಕಾ? ದೂರಶಿಕ್ಷಣದ ಪದವಿ ಒಪ್ಪುತ್ತೀರಾ? ಈ ಎರಡಕ್ಕೆ ಉತ್ತರ ಬರಲಿ. ಇದನ್ನು ಕೇಳದೆ ವರ್ಷಗಟ್ಟಲೆ ನಿದ್ದೆಗೆಟ್ಟು ಓದಿ, ಕೊನೆಗೆ ‘ಇದು ನಮ್ಮ ಪಟ್ಟಿಯಲ್ಲಿಲ್ಲ’ ಅನ್ನಿಸಿಕೊಂಡವರನ್ನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಬಿಇ ಬೇಕೇ ಬೇಕು ಎಂದರೆ, ಅದು ದೂರಶಿಕ್ಷಣದಲ್ಲಿ ಆಗುವುದಿಲ್ಲ. ಅಂಚೆ ಮೂಲಕ ಇಂಜಿನಿಯರಿಂಗ್ ಪದವಿ ಕೊಟ್ಟಿದ್ದ ಕೆಲವು ಡೀಮ್ಡ್ ಯೂನಿವರ್ಸಿಟಿಗಳ ವಿಷಯದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. 2001ರಿಂದ 2005ರ ಸಾಲಿನಲ್ಲಿ ಸೇರಿದ್ದವರು ಮತ್ತೆ ಪರೀಕ್ಷೆ ಬರೆಯಬೇಕಾಯಿತು. ಅದಾದ ಮೇಲೆ ಸೇರಿದ್ದವರ ಪದವಿ ರದ್ದೇ ಆಯಿತು. ನಿಮಗಿರುವ ಸರಿಯಾದ ದಾರಿ, ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಐಸಿಟಿಇ 2023-24ರಿಂದ ತಂದಿರುವ, ಕೆಲಸ ಮಾಡುವವರ ಬಿಇ. ಕೆಲಸದ ವೇಳೆಗೆ ಹೊಂದುವಂತೆ ತರಗತಿ ನಡೆಯುತ್ತದೆ. ಕನಿಷ್ಠ ಒಂದು ವರ್ಷದ ಅನುಭವ ಬೇಕು, ಕಂಪನಿ ಕಾಲೇಜಿನ ಸುತ್ತಮುತ್ತಲೇ ಇರಬೇಕು. ಡಿಪ್ಲೊಮಾ ಇರುವುದರಿಂದ ನೇರ ಎರಡನೇ ವರ್ಷಕ್ಕೆ ಸೇರಬಹುದು. ಅನುಮತಿ ಇರುವ ಕಾಲೇಜು ಯಾವುದು ಎಂದು ಎಐಸಿಟಿಇ ಜಾಲತಾಣದಲ್ಲೇ ನೋಡಿ, ಕಾಲೇಜಿನ ಬ್ಯಾನರ್ ನಂಬಬೇಡಿ.

ಯಾವ ಪದವಿಯಾದರೂ ಸರಿ ಎಂದರೆ ಸುಲಭ. ಕೇಂದ್ರದ ಮುಕ್ತ ವಿಶ್ವವಿದ್ಯಾಲಯ ಇಗ್ನೋ ಇದೆ, ತಮಿಳುನಾಡು ಮುಕ್ತ ವಿಶ್ವವಿದ್ಯಾಲಯವಿದೆ. ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ಆ ವರ್ಷ, ಆ ಕೋರ್ಸಿನ ಹೆಸರು ಇದೆಯಾ ನೋಡಿ. ಇದ್ದರೆ ಆ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಯುಜಿಸಿ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ಇಂಡಸ್ಟ್ರಿಯಲ್ ಮ್ಯಾನೇಜ್‌ಮೆಂಟ್ ಅನ್ನುವ ಹೆಸರೇ ಸಿಗಬೇಕು ಅಂತ ಹಟ ಬೇಡ. ಬಿಬಿಎ ಮುಗಿಸಿ, ಮುಂದೆ ಎಂಬಿಎಯಲ್ಲಿ ಆಪರೇಷನ್ಸ್ ತೆಗೆದುಕೊಂಡರೂ ಅದೇ ವಿಷಯಕ್ಕೆ ಬರುತ್ತೀರಿ.

ಪ್ರಶ್ನೆ: ಥ್ಯಾಂಕ್ಸ್ ಮೇಡಂ. ಇಷ್ಟೆಲ್ಲಾ ಓದಿದರೆ ಶಾಪ್ ಫ್ಲೋರ್‌ನಲ್ಲಿ ನಿಜವಾಗಿ ಉಪಯೋಗ ಇದೆಯಾ? ಅಥವಾ ಬರೀ ಗ್ರೇಡಿಗಾ?

ಉತ್ತರ: ಇದೆ ತಮ್ಮಾ, ತುಂಬಾ ಇದೆ. ನಿಮ್ಮ ಲೈನನ್ನೇ ತೆಗೆದುಕೊಳ್ಳಿ. ಶಿಫ್ಟು 480 ನಿಮಿಷ. ಊಟ, ಟೀ ಎಲ್ಲಾ ಸೇರಿ 30 ಕಳೆಯಿರಿ, ಉಳಿದದ್ದು 450. ಗ್ರಾಹಕರಿಗೆ 300 ಪೀಸ್ ಬೇಕು. ಅಂದರೆ ಪ್ರತಿ 90 ಸೆಕೆಂಡಿಗೆ ಒಂದು ಪೀಸ್ ಹೊರಬರಬೇಕು. ಇದನ್ನೇ ಟ್ಯಾಕ್ಟ್ ಟೈಮ್ ಅನ್ನುವುದು. ಈಗ ಒಂದು ಸ್ಟೇಷನ್ 110 ಸೆಕೆಂಡ್ ತೆಗೆದುಕೊಳ್ಳುತ್ತದೆ ಅಂದುಕೊಳ್ಳಿ. ಮಿಕ್ಕವರು ಎಷ್ಟೇ ಚುರುಕಾಗಿದ್ದರೂ ಶಿಫ್ಟಿಗೆ 245 ಪೀಸಿಗಿಂತ ಜಾಸ್ತಿ ಬರುವುದಿಲ್ಲ. ಇದು ಗೊತ್ತಿಲ್ಲದ ಸೂಪರ್‌ವೈಸರ್ ಎಲ್ಲರ ಮೇಲೂ ಕೂಗಾಡುತ್ತಾನೆ, ಇಲ್ಲವೇ ಓವರ್‌ಟೈಮ್ ಹಾಕಿಸುತ್ತಾನೆ. ಗೊತ್ತಿರುವವನು ಆ ಒಂದು ಸ್ಟೇಷನ್ ಹತ್ತಿರ ನಿಂತು ನೋಡುತ್ತಾನೆ. ಆಪರೇಟರ್ ಪ್ರತಿ ಸಲ ಬೋಲ್ಟಿಗಾಗಿ ಹಿಂದೆ ತಿರುಗುತ್ತಿರಬಹುದು. ಟ್ರೇ ಮುಂದೆ ಇಟ್ಟರೆ ಎಷ್ಟೋ ಸೆಕೆಂಡ್ ಉಳಿಯುತ್ತದೆ, ಅವನ ಸೊಂಟವೂ ಉಳಿಯುತ್ತದೆ.

ವರ್ಕ್ ಸ್ಟಡಿ, ಪ್ರೊಡಕ್ಷನ್ ಪ್ಲಾನಿಂಗ್, ಗುಣಮಟ್ಟ, ಸ್ಟಾಕ್ ಲೆಕ್ಕ, ಕಾಸ್ಟಿಂಗ್ ಅಂದರೆ ಖರ್ಚಿನ ಲೆಕ್ಕ, ಸುರಕ್ಷತೆ, ಕಾರ್ಮಿಕ ಕಾನೂನು. ಈ ಓದಿನಲ್ಲಿ ಬರುವುದು ಇವೇ. ಇದರಲ್ಲಿ ಅರ್ಧ ನಿಮ್ಮ ಕೈಗೆ ಆಗಲೇ ಗೊತ್ತು. ಕಾಸ್ಟಿಂಗ್ ಮಾತ್ರ ಹೊಸದು ಅನ್ನಿಸುತ್ತದೆ, ಅದಕ್ಕೆ ಜಾಸ್ತಿ ಸಮಯ ಇಡಿ. ಮೀಟಿಂಗಿನಲ್ಲಿ ಡಿಪ್ಲೊಮಾದವರು ಬಾಯಿ ಮುಚ್ಚಿ ಕೂರುವುದು ಹಣದ ಮಾತು ಬಂದಾಗಲೇ.

ಇನ್ನೊಬ್ಬರು: ನಮ್ಮ ಚಿಕ್ಕಪ್ಪ ಇಂಜಿನಿಯರ್‌ಗಳ ಸಂಸ್ಥೆ ನಡೆಸುವ ಎಎಂಐಇ ಪರೀಕ್ಷೆ ಬರೆದು ಇಂಜಿನಿಯರ್ ಆದರು. ಅದೇ ಒಳ್ಳೆಯದಲ್ವಾ?

ಉತ್ತರ: ಅವರ ಕಾಲಕ್ಕೆ ಬಹಳ ಒಳ್ಳೆಯ ದಾರಿ. ಆದರೆ 2013ರ ಮೇ 31ರ ಒಳಗೆ ನೋಂದಾಯಿಸಿದವರಿಗೆ ಮಾತ್ರ ಕೇಂದ್ರ ಸರ್ಕಾರ ಅದನ್ನು ಪದವಿಗೆ ಸಮ ಎಂದು ಒಪ್ಪಿದೆ. ಈಗ ಹೊಸದಾಗಿ ಆ ಆಸೆಯಲ್ಲಿ ಸೇರಬೇಡಿ.

ಇನ್ನೊಬ್ಬರು: ಅಕ್ಕಾ, ನಾನು ಬಿಕಾಂ ಎರಡು ವರ್ಷ ಓದಿ ಮದುವೆ ಆಯಿತು ಅಂತ ಬಿಟ್ಟೆ. ಈಗ ಬಾಗಲೂರು ರಸ್ತೆಯ ಒಂದು ಕಂಪನಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಮೊದಲಿನಿಂದ ಓದಬೇಕಾ? ಇಂಗ್ಲಿಷ್ ಭಯವೂ ಇದೆ.

ಉತ್ತರ: ಮೊದಲಿನಿಂದ ಅಂತ ಈಗಲೇ ತೀರ್ಮಾನಿಸಬೇಡಮ್ಮಾ. ಹಳೇ ಮಾರ್ಕ್ಸ್ ಕಾರ್ಡುಗಳ ಜೆರಾಕ್ಸ್ ಇಟ್ಟು, ಆ ಯೂನಿವರ್ಸಿಟಿಯ ಪರೀಕ್ಷಾ ವಿಭಾಗಕ್ಕೇ ಪತ್ರ ಬರಿ. ಮೂರನೇ ವರ್ಷಕ್ಕೆ ಸೇರಿಸಿಕೊಳ್ಳುತ್ತಾರಾ, ಅವಧಿ ಮುಗಿದಿದೆಯಾ ಎಂದು ಕೇಳು. ಒಂದೊಂದು ಯೂನಿವರ್ಸಿಟಿಗೂ ಒಂದೊಂದು ಗಡುವು. ಪಾಸು ಮಾಡಿದ ವಿಷಯಗಳಿಗೆ ಸಿಗುವ ಕ್ರೆಡಿಟ್ಟನ್ನು ಜಮೆ ಮಾಡಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ 2021ರಲ್ಲಿ ಬಂದಿದೆ. ಅದರಲ್ಲಿ ಜಮೆಯಾದ ಕ್ರೆಡಿಟ್ ಏಳು ವರ್ಷದವರೆಗೆ ಉಳಿಯುತ್ತದೆ, ಆದರೆ ಅದಕ್ಕಿಂತ ಮುಂಚಿನ ಓದಿಗೆ ಅದನ್ನು ನೆಚ್ಚಿಕೊಳ್ಳಬೇಡ. ಅಲ್ಲಿ ಆಗಲ್ಲ ಅಂದರೆ ಇಗ್ನೋದಲ್ಲಿ ಬಿಕಾಂ ಸೇರು. ಜನವರಿ, ಜುಲೈ ಎರಡು ಸಲ ಪ್ರವೇಶ ಇರುತ್ತದೆ. ಪರೀಕ್ಷೆ ಜೂನ್, ಡಿಸೆಂಬರಿನಲ್ಲಿ. ಮೂರು ವರ್ಷದ ಪದವಿಯನ್ನು ಆರು ವರ್ಷದವರೆಗೂ ಎಳೆದುಕೊಂಡು ಹೋಗಬಹುದು, ಮನೆ ಮಕ್ಕಳು ಇರುವವರಿಗೆ ಇದು ದೊಡ್ಡ ಅನುಕೂಲ.

ಇಂಗ್ಲಿಷಿಗೆ ಹೆದರಬೇಡ. ಸರಕು ಬಂದಾಗ ಬರೆಯುವ ಜಿಆರ್‌ಎನ್, ಇನ್‌ವಾಯ್ಸ್, ಸ್ಟಾಕ್ ರಿಜಿಸ್ಟರ್ ಎಲ್ಲಾ ದಿನಾ ಇಂಗ್ಲಿಷಿನಲ್ಲೇ ಬರೆಯುತ್ತೀಯಲ್ಲ. ಪಾಠವನ್ನು ಕನ್ನಡದಲ್ಲಿ ಅರ್ಥ ಮಾಡಿಕೋ, ಉತ್ತರವನ್ನು ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯದಲ್ಲಿ ಬರಿ. ಅಸೈನ್‌ಮೆಂಟ್ ನೀನೇ ಕೈಯಾರೆ ಬರಿ, ದುಡ್ಡು ಕೊಟ್ಟು ಬರೆಸಬೇಡ. ಪರೀಕ್ಷೆಗೆ ಅದೇ ಅಭ್ಯಾಸ.

ಪ್ರಶ್ನೆ: ಮೇಡಂ, ಎಚ್‌ಆರ್‌ಗೆ ಮೇಲ್ ಹಾಕಿದೆ. ಶಿಫ್ಟ್ ವಿಷಯವನ್ನೂ ಕೇಳಬಹುದಾ?

ಉತ್ತರ: ಅದಕ್ಕೆ ಪ್ಲಾಂಟ್ ಹೆಡ್ ಒಪ್ಪಿಗೆ ಬೇಕು. ವರ್ಷವಿಡೀ ಜನರಲ್ ಶಿಫ್ಟ್ ಕೇಳಿದರೆ ಕೊಡಲ್ಲ. ಪರೀಕ್ಷೆಯ ವಾರಗಳಲ್ಲಿ ಮಾತ್ರ ನೈಟ್ ಶಿಫ್ಟ್ ಬೇಡ ಅಂತ ಕೇಳಿ, ಬದಲಿಗೆ ಯಾರ ಜೊತೆ ಅದಲುಬದಲು ಮಾಡಿಕೊಳ್ಳುತ್ತೀರಿ ಅನ್ನುವುದನ್ನೂ ನೀವೇ ಬರೆದು ಕೊಡಿ. ಹೀಗೆ ಕೇಳಿದವರಿಗೆ ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ. ಎಚ್‌ಆರ್ ಉತ್ತರ ಬಂದ ಮೇಲೆ ಇಲ್ಲೇ ಹಾಕಿ, ಆಮೇಲೆ ಕೋರ್ಸ್ ನೋಡೋಣ.