ಪದಚರ್ಚೆ: ಅನೈಸೊಕೋರಿಯಕ್ಕೆ ‘ಪಾಪೆ ಹಿಗ್ಗುವಿಕೆ’ ಎನ್ನಬಹುದೇ?

ಪ್ರಶ್ನೆ: ನರ್ಸಿಂಗ್ ವಿದ್ಯಾರ್ಥಿಗಳ ಕೈಪಿಡಿಯ ಕರಡಿನಲ್ಲಿ ಅನೈಸೊಕೋರಿಯಕ್ಕೆ (ಎರಡು ಕಣ್ಣುಗಳ ಪಾಪೆಯ ಅಳತೆ ಬೇರೆಬೇರೆ ಇರುವುದು) ‘ಪಾಪೆ ಹಿಗ್ಗುವಿಕೆ’ ಎಂದೂ ರಿಲೇಟಿವ್ ಅಫರೆಂಟ್ ಪ್ಯೂಪಿಲರಿ ಡಿಫೆಕ್ಟ್‌ಗೆ (ಬೆಳಕಿನ ಸಂದೇಶ ಒಂದು ಕಣ್ಣಿನಿಂದ ಮಿದುಳಿಗೆ ಸರಿಯಾಗಿ ತಲುಪದಿರುವುದು) ‘ಅಸಮ ಪಾಪೆ’ ಎಂದೂ ಇದೆ. ಇವನ್ನು ಉಳಿಸಿಕೊಳ್ಳಬಹುದೇ?

ಉತ್ತರ: ಎರಡನ್ನೂ ಬದಲಿಸಬೇಕು. ‘ಅಸಮ ಪಾಪೆ’ ಒಳ್ಳೆಯ ಪದವೇ, ಆದರೆ ಅದು ಸಲ್ಲುವುದು ಅನೈಸೊಕೋರಿಯಕ್ಕೆ. ‘ಹಿಗ್ಗುವಿಕೆ’ ಎಂದರೆ ದೊಡ್ಡ ಪಾಪೆಯದೇ ತಪ್ಪು ಎಂದು ಪರೀಕ್ಷೆಗೆ ಮೊದಲೇ ತೀರ್ಪು ಕೊಟ್ಟಂತೆ. ಕತ್ತಲಲ್ಲಿ ವ್ಯತ್ಯಾಸ ಹೆಚ್ಚಿದರೆ, ಹಿಗ್ಗಲಾರದ ಚಿಕ್ಕ ಪಾಪೆಯೇ ಕೆಟ್ಟದ್ದು. ಆ ಕಡೆಯ ರೆಪ್ಪೆ ಒಂದೆರಡು ಮಿಲಿಮೀಟರ್ ಜೋತಿದ್ದರೆ ಹಾರ್ನರ್ ಸಿಂಡ್ರೋಮ್ (ಪಾಪೆ ಹಿಗ್ಗಿಸುವ ನರದ ಹಾದಿ ಕೆಟ್ಟಿರುವುದು) ನೆನಪಾಗಬೇಕು. ಬೆಳಕಿನಲ್ಲಿ ವ್ಯತ್ಯಾಸ ಹೆಚ್ಚಿದರೆ ದೊಡ್ಡದರದು ದೋಷ. ಎರಡರಲ್ಲೂ ವ್ಯತ್ಯಾಸ ಹೆಚ್ಚುಕಡಿಮೆ ಒಂದೇ ಆಗಿದ್ದು, 1 ಮಿ.ಮೀ. ಒಳಗಿದ್ದು, ಪಾಪೆಗಳು ಚುರುಕಾಗಿದ್ದರೆ ಸಾಮಾನ್ಯವಾಗಿ ಅದು ಕಾಯಿಲೆಯೇ ಅಲ್ಲ.

ಎರಡನೆಯದರಲ್ಲಿ ಪಾಪೆಗಳ ಅಳತೆ ಸಮವಾಗಿಯೇ ಇರುತ್ತದೆ, ಕರಡು ಎಡವಿರುವುದು ಅಲ್ಲಿ. ಮಂದ ಬೆಳಕಿನ ಕೋಣೆಯಲ್ಲಿ ರೋಗಿ ದೂರ ನೋಡುತ್ತಿರುವಾಗ ಟಾರ್ಚನ್ನು ಒಂದೊಂದು ಕಣ್ಣಿಗೆ ಎರಡು ಮೂರು ಸೆಕೆಂಡು ಹಿಡಿದು ಬದಲಿಸುತ್ತಾರೆ. ಬೆಳಕು ಕೆಟ್ಟ ಕಣ್ಣಿಗೆ ಬಂದಾಗ ಕುಗ್ಗಬೇಕಾದ ಪಾಪೆಗಳೆರಡೂ ಹಿಗ್ಗುತ್ತವೆ. ಹೆಚ್ಚಾಗಿ ದೃಷ್ಟಿನರದ, ಕೆಲವೊಮ್ಮೆ ರೆಟಿನಾದ ವ್ಯಾಪಕ ತೊಂದರೆ ಇದು. ಅಫರೆಂಟ್‌ಗೆ (ಮಿದುಳಿನ ಕಡೆಗೆ ಸಂದೇಶ ಒಯ್ಯುವ) ‘ಅಭಿವಾಹಿ’ ಎಂದು ಬರೆಯುವವರಿದ್ದಾರೆ; ಅದರ ವಿರುದ್ಧ ಪದ, ಮಿದುಳಿನಿಂದ ಹೊರಕ್ಕೆ ಒಯ್ಯುವುದು, ‘ಅಪವಾಹಿ’. ಒಂದಕ್ಷರ ತಪ್ಪಿದರೆ ಅರ್ಥ ತಿರುಗಿಬೀಳುತ್ತದೆ. ‘ಒಳಮುಖ ನರದೋಷ’, ‘ಹೊರಮುಖ ನರದೋಷ’ ಎಂದರೆ ಆ ಅಪಾಯವಿಲ್ಲ.

ಏಡಿ (Adie) ಎಂಬ ವೈದ್ಯರ ಹೆಸರಿನ ‘ಟಾನಿಕ್ ಪ್ಯೂಪಿಲ್’ ಅನ್ನು ಹಾಗೇ ಬಿಡಬೇಡಿ. ನಮ್ಮಲ್ಲಿ ಟಾನಿಕ್ ಅಂದರೆ ಬಾಟಲಿ, ಚಮಚ! ಹತ್ತಿರದ್ದನ್ನು ನೋಡುವಾಗ ಮೆಲ್ಲನೆ ಕುಗ್ಗಿ, ಮೆಲ್ಲನೆಯೇ ಹಿಗ್ಗುವ ಇದಕ್ಕೆ ‘ಜಡಪಾಪೆ’ ಹೊಂದುತ್ತದೆ. ಇದು ಪಾಪೆ ಕುಗ್ಗಿಸುವ ಔಷಧವಾದ ಪೈಲೊಕಾರ್ಪಿನ್‌ನ ಶೇ. 0.1ರ ಹನಿಗೂ ಕುಗ್ಗುತ್ತದೆ, ಆರೋಗ್ಯವಂತ ಪಾಪೆ ಅಷ್ಟಕ್ಕೆ ಹೆಚ್ಚು ಅಲುಗುವುದಿಲ್ಲ. ಪಾಪೆ ಹಿಗ್ಗಿಸುವ ಔಷಧವಾದ ಅಟ್ರೋಪಿನ್‌ನಿಂದ ಹಿಗ್ಗಿದ್ದು ಶೇ. 1ರ ಹನಿಗೂ ಸರಿಯಾಗಿ ಕುಗ್ಗದು. ಆದ್ದರಿಂದ ದಶಮಾಂಶ ಚುಕ್ಕಿಯನ್ನು ಕರಡು ತಿದ್ದುವವರು ಎರಡು ಸಲ ನೋಡಲಿ. ಉಮ್ಮತ್ತಿಯ ರಸ ತಗುಲಿದ ಕೈಯಿಂದ ಕಣ್ಣುಜ್ಜಿಕೊಂಡರೂ ಇದೇ ಬಗೆಯ ಹಿಗ್ಗುವಿಕೆ ಆಗುತ್ತದೆ. ಹಳ್ಳಿಯ ಓದುಗರಿಗೆ ಆ ಉದಾಹರಣೆ ಇರಲಿ.

ಕ್ರಿಯಾಪದ ಹಿಗ್ಗು, ಕುಗ್ಗು ಸಾಕು. ‘ಅರಳು’ ಬೇಡ: ‘ಕಣ್ಣರಳಿಸಿದ’ ಎಂದರೆ ರೆಪ್ಪೆ ತೆರೆದ ಎಂದೇ ಅರ್ಥ. ಕಣ್ಣುಗುಡ್ಡೆ, ರೆಪ್ಪೆಗಳನ್ನು ಆಡಿಸುವ ಮೂರನೆಯ ಕಪಾಲನರ ಸೋತಾಗ ಪಾಪೆ ಹಿಗ್ಗಿರುತ್ತದೆ, ರೆಪ್ಪೆ ಮುಚ್ಚಿಕೊಂಡಿರುತ್ತದೆ, ಗುಡ್ಡೆ ಹೊರಕ್ಕೂ ಕೆಳಕ್ಕೂ ವಾಲಿರುತ್ತದೆ. ಅಲ್ಲಿ ‘ಅರಳಿದ ಕಣ್ಣು’ ಎಂದು ಬರೆದರೆ ಚಿತ್ರವೇ ತಪ್ಪು. ಜೊತೆಗೆ ದಿಢೀರ್ ತಲೆನೋವಿದ್ದರೆ ಮಿದುಳಿನ ರಕ್ತನಾಳದ ಉಬ್ಬು ಒಡೆಯುವ ಹಂತದಲ್ಲಿರಬಹುದು. ಆ ಸಾಲಿಗೆ ‘ತಕ್ಷಣ ಆಸ್ಪತ್ರೆಗೆ’ ಎಂದು ದಪ್ಪಕ್ಷರದಲ್ಲಿ ಸೇರಿಸಿ.